ಪುನರ್ಪುಳಿಗೆ ಬಡ್ತಿ

ಅಮ್ಮ ಊರಿಂದ ಕಳಿಸಿದ ಒಣ ಪುನರ್ಪುಳಿ (ಕೋಕಂ) ಸಿಪ್ಪೆಯನ್ನು ಮಧ್ಯಾಹ್ನವೇ ನೆನೆಹಾಕಿದ್ದೆ. ಸಂಜೆಗೆ ನೀರು ಕಡುಗೆಂಪು. ಉದ್ದ ಗ್ಲಾಸಿಗೆ ಐಸು, 60 ಎಂಎಲ್ ಜಿನ್, ಅಷ್ಟೇ ಪುನರ್ಪುಳಿ ರಸ, ಒಂದು ಚಮಚ ಬೆಲ್ಲದ ಪಾಕ, ಚಿಟಿಕೆ ಉಪ್ಪು, ಸೀಳಿದ ಒಂದು ಗಾಂಧಾರಿ ಮೆಣಸು. ಸೋಡಾ ಕೊನೆಗೆ, ಮೊದಲೇ ಹಾಕಿ ಕಲಕಿದರೆ ಗ್ಯಾಸೆಲ್ಲ ಹೋಗಿ ಸಪ್ಪೆ. ಪುದೀನ ಜಜ್ಜಬೇಡಿ, ಕಹಿಯಾಗ್ತದೆ. ಎಲೆಯನ್ನು ಅಂಗೈಯಲ್ಲಿಟ್ಟು ಒಂದು ಚಪ್ಪಾಳೆ ತಟ್ಟಿದರೆ ಸಾಕು, ಘಮ್ಮೆನ್ನುತ್ತದೆ. (ಮೊದಲ ಗ್ಲಾಸು ಹಾಳಾದದ್ದು ಜಜ್ಜಿಯೇ.)

ಚಿಕ್ಕಂದಿನಲ್ಲಿ ಪಿತ್ತಕ್ಕೆ ಒಳ್ಳೇದೆಂದು ಅಜ್ಜಿ ಇದನ್ನೇ ಕುಡಿಸಲು ಬಂದರೆ ಗುಡ್ಡೆ ಕಡೆಗೆ ಓಡುತ್ತಿದ್ದವ ನಾನು. ಈಗ ಬೆಂಗಳೂರಿನ ಬಾಲ್ಕನಿಯಲ್ಲಿ ಕೂತು ಹನಿಹನಿ ಹೀರುತ್ತಿದ್ದೇನೆ.

ಅಷ್ಟರಲ್ಲಿ ಅಮ್ಮನ ಫೋನು. "ಪುನರ್ಪುಳಿ ಶರಬತ್ತು ಮಾಡಿದ್ಯಾ?"

"ಹ್ಞೂಂ ಅಮ್ಮ, ಅದನ್ನೇ ಕುಡೀತಾ ಇದ್ದೇನೆ."

"ಇನ್ನೊಂದು ಗ್ಲಾಸು ಕುಡಿ ಮಗಾ, ದೇಹಕ್ಕೆ ತಂಪು."