ಎರಡು ಸೆಕೆಂಡು ಸಾಲದು
ಕಂಬಷನ್ (ದಹನ) ಪಾಠದ ನಡುವೆ ಒಂದು ದಿನ ಹುಡುಗರನ್ನು ಕಾಲೇಜಿನ ಎರಡನೇ ಮಹಡಿಗೆ ಕರೆದುಕೊಂಡು ಹೋದೆ. ಪಾರದರ್ಶಕ ಪ್ಲಾಸ್ಟಿಕ್ ಡಬ್ಬಿ, ಒಳಗೆ ಉರಿಯುವ ಮೇಣದಬತ್ತಿ. ಕೆಳಗೆ ನಾಲ್ವರು ಜಮಖಾನ ಹಿಡಿದು ನಿಂತಿದ್ದರು. ಡಬ್ಬಿ ಬಿಟ್ಟೆ. ಬೀಳಲು ಒಂದು ಸೆಕೆಂಡಿಗಿಂತ ಸ್ವಲ್ಪ ಜಾಸ್ತಿ, ಅಷ್ಟೇ. ಮೊಬೈಲಿನ ಸ್ಲೋ ಮೋಷನ್ ವಿಡಿಯೋದಲ್ಲಿ ಉದ್ದನೆಯ ಹಳದಿ ಜ್ವಾಲೆ ಕುಗ್ಗಿ, ಮಂಕಾಗಿ, ದುಂಡಗಾಗಿದ್ದು ಕಾಣಿಸಿತು. ಬೀಳುವಾಗ ಬಾಹ್ಯಾಕಾಶದಲ್ಲಿರುವಂತೆ ತೂಕವಿಲ್ಲದ ಸ್ಥಿತಿ, ಬಿಸಿ ಗಾಳಿ ಮೇಲೇರುವುದಿಲ್ಲ, ಅದಕ್ಕೇ.

"ಇಲ್ಲೇ ಆಯ್ತಲ್ಲ ಮೇಡಂ, ಇದಕ್ಕೆ ಸ್ಪೇಸ್‌ಗೆ ಯಾಕೆ ಹೋಗಬೇಕು?" ಅಂದ ಒಬ್ಬ.

ಒಳ್ಳೆ ಪ್ರಶ್ನೆ. ಮೆಟ್ಟಿಲ ಮೇಲೆ ಕೂತು, ಬೆಂಕಿಯನ್ನೇ ಅಧ್ಯಯನ ಮಾಡುವ ಅಮೆರಿಕದ ವಿಜ್ಞಾನಿ ಪಾಲ್ ರಾನಿ ಕಥೆ ಹೇಳಿದೆ. 1984ರಲ್ಲಿ ಅವರು ನಾಸಾದ ಕ್ಲೀವ್‌ಲ್ಯಾಂಡ್ ಕೇಂದ್ರದಲ್ಲಿ ಇದೇ ಕೆಲಸ ಮಾಡುತ್ತಿದ್ದರು, ಗೋಪುರದಿಂದ ಪೆಟ್ಟಿಗೆ ಬೀಳಿಸುವುದು. ಸಿಗುತ್ತಿದ್ದದ್ದು 2.2 ಸೆಕೆಂಡು. ಹೈಡ್ರೋಜನ್ ತೀರಾ ಕಡಿಮೆ ಇದ್ದ ಗಾಳಿಗೆ ಕಿಡಿ ಕೊಟ್ಟರೆ ಬೆಂಕಿ ಹರಡಲಿಲ್ಲ, ಪುಟ್ಟ ಉಂಡೆಗಳಾಗಿ ನಿಂತಿತು! ಇಂಥ ಉಂಡೆ ಲೆಕ್ಕದಲ್ಲಿ ಸಾಧ್ಯ, ಆದರೆ ಸ್ಥಿರವಾಗಿ ಉಳಿಯುವುದಿಲ್ಲ ಅಂತ ಸೋವಿಯತ್ ವಿಜ್ಞಾನಿ ಜೆಲ್ಡೋವಿಚ್ 1944ರಲ್ಲೇ ತೋರಿಸಿದ್ದರು. ಉಳಿಯುತ್ತದೋ ಇಲ್ಲವೋ ಅಂತ ಎರಡು ಸೆಕೆಂಡಿನಲ್ಲಿ ಹೇಗೆ ಗೊತ್ತಾಗಬೇಕು?

1997ರ ಹೊತ್ತಿಗೆ ರಾನಿ ಲಾಸ್ ಏಂಜಲೀಸ್‌ನ ಯುಎಸ್‌ಸಿ ವಿಶ್ವವಿದ್ಯಾಲಯದಲ್ಲಿ ಪ್ರೊಫೆಸರ್. ಈ ಪ್ರಯೋಗ ಹೊತ್ತು ಹಾರಲಿದ್ದ ಕೊಲಂಬಿಯಾ ಬಾಹ್ಯಾಕಾಶ ನೌಕೆಗೆ ಬದಲಿ ಯಾತ್ರಿಯಾಗಿ ತರಬೇತಿಯನ್ನೂ ಪಡೆದರು. ಹಾರಿದ್ದು ಬೇರೆ ಇಬ್ಬರು. ಇವರು ನೆಲದಲ್ಲೇ ಉಳಿದರು. ನನಗಾಗಿದ್ದರೆ ಹೊಟ್ಟೆ ಉರಿಯುತ್ತಿತ್ತು ಬಿಡಿ. ಏಪ್ರಿಲ್‌ನ ಯಾನ, ನೌಕೆಗೆ ವಿದ್ಯುತ್ ಕೊಡುವ ಫ್ಯೂಯೆಲ್ ಸೆಲ್ ಕೈಕೊಟ್ಟಿದ್ದರಿಂದ ನಾಲ್ಕು ದಿನಕ್ಕೇ ವಾಪಸ್ ಬಂತು. ಜುಲೈನಲ್ಲಿ ಅದೇ ತಂಡ ಮತ್ತೆ ಹೋಯಿತು. ಪ್ರಯೋಗಕ್ಕೆ ಇಟ್ಟಿದ್ದ 500 ಸೆಕೆಂಡು ಮುಗಿದರೂ ಉಂಡೆಗಳು ಆರಿರಲಿಲ್ಲ!

ತಮಾಷೆಯೆಂದರೆ, ಉಂಡೆಯನ್ನು ಹಿಡಿದಿಡುವುದು ಅದು ಹೊರಸೂಸಿ ಕಳೆದುಕೊಳ್ಳುವ ಶಾಖವೇ. ಜೆಲ್ಡೋವಿಚ್ ಲೆಕ್ಕದಲ್ಲಿ ಆ ನಷ್ಟ ಇರಲಿಲ್ಲ. ನಷ್ಟ ವಿಪರೀತವಾದರೆ ಉಂಡೆ ಆರುತ್ತದೆ, ನಷ್ಟವೇ ಇಲ್ಲದಿದ್ದರೆ ಸ್ಥಿರವಾಗಿ ನಿಲ್ಲುವುದಿಲ್ಲ. ಒಂದು ಉಂಡೆಯ ಶಕ್ತಿ ಒಂದೆರಡು ವ್ಯಾಟ್ ಅಷ್ಟೇ. ಹುಟ್ಟುಹಬ್ಬದ ಕೇಕಿನ ಮೇಣದಬತ್ತಿಯದ್ದೇ ಸುಮಾರು 50 ವ್ಯಾಟ್!

2003ರ ಜನವರಿಯಲ್ಲಿ ಕೊಲಂಬಿಯಾದಲ್ಲೇ ಮತ್ತೆ ಪ್ರಯೋಗ ನಡೆಯಿತು. ಒಂದು ಉಂಡೆ 81 ನಿಮಿಷ ಉರಿಯಿತು. ಕಲ್ಪನಾ ಚಾವ್ಲಾ ಇದ್ದ ಆ ತಂಡ ಫೆಬ್ರವರಿ 1ರಂದು ಭೂಮಿಗೆ ಮರಳಲಿಲ್ಲ. ಹುಡುಗರಿಗೆ ಅವರ ಹೆಸರು ಗೊತ್ತಿತ್ತು, ಬೆಂಕಿ ಪ್ರಯೋಗದ ವಿಷಯ ಗೊತ್ತಿರಲಿಲ್ಲ. ಯಾನದ ನಡುವೆಯೇ ಕೆಳಗೆ ಕಳಿಸಿದ್ದ ಮಾಹಿತಿ ಮಾತ್ರ ಉಳಿಯಿತು.

ನಮ್ಮ ಸಿಲಬಸ್ಸಿನಲ್ಲಿ ಇದೆಲ್ಲ ಇಲ್ಲ. ಆದರೂ ಹೈಡ್ರೋಜನ್ ಎಷ್ಟು ಕಡಿಮೆಯಾದರೆ ಉರಿ ನಿಲ್ಲುತ್ತದೆ ಅನ್ನುವ ಲೆಕ್ಕವನ್ನು ಒರೆಗೆ ಹಚ್ಚಲು ಈ ಉಂಡೆಗಿಂತ ಸರಳವಾದ ಬೆಂಕಿ ಸಿಗುವುದಿಲ್ಲ. ಮುಂದಿನ ಕ್ಲಾಸಿನಲ್ಲಿ ಅದನ್ನೇ ಬೋರ್ಡಿನ ಮೇಲೆ ಬಿಡಿಸಿದೆ.