ಬಳ್ಳಾರಿಯ ಬಿಸಿಲು, ಸುಣ್ಣದ ಗೆರೆ

ಬಳ್ಳಾರಿಗೆ ಹೋದವರು ಬಿಸಿಲೇರುವ ಮೊದಲೇ ಗುಡ್ಡ ಹತ್ತಿ ಇಳಿದುಬಿಡಬೇಕು. ಆಮೇಲೆ ಬಂಡೆ ಕಾದು ಕೆಂಡವಾಗುತ್ತದೆ. ಹೊಸಪೇಟೆಯಿಂದ ಬೆಳಗಿನ ರೈಲಿಗೆ ಬಂದವರು ಸೀದಾ ಕೋಟೆಗೇ ಹೋದೆವು. ಹೈದರಾಲಿಯ ಕಾಲದಲ್ಲಿ ಕೋಟೆ ಬಲಪಡಿಸಿದ ಫ್ರೆಂಚ್ ಎಂಜಿನಿಯರ್‌ನನ್ನು ಕೆಲಸ ಮುಗಿದ ಮೇಲೆ ನೇಣಿಗೆ ಹಾಕಿದರಂತೆ. ಪಕ್ಕದ ಕುಂಬಾರ ಗುಡ್ಡ ಇದಕ್ಕಿಂತ ಎತ್ತರ ಎಂದು ಆಗ ಗೊತ್ತಾಯಿತಂತೆ. ಊರವರು ಹೇಳುವ ಕಥೆ. ಮೇಲೆ ನಿಂತು ಆ ಗುಡ್ಡ ನೋಡಿದರೆ ಪಾಪ ಅನ್ನಿಸುತ್ತದೆ.

ನಾವು ಬಂದದ್ದು ಅಕ್ಕನ ಮಗ ಬೇಸ್‌ಬಾಲ್ ಆಡುವುದನ್ನು ನೋಡಲು. ಮೈದಾನದ ಬೇವಿನ ಮರದಡಿ ಮಂಡಕ್ಕಿ, ಮಿರ್ಚಿ ತಿನ್ನುತ್ತಾ ಕೂತವರೆಲ್ಲ ಕ್ರಿಕೆಟ್ ಕಣ್ಣಿನವರೇ. ಜಗಳ ಬೇಗನೇ ಶುರುವಾಯಿತು. ನೆಲಕ್ಕೆ ಹೊಡೆದ ಚೆಂಡು ಮೂರನೇ ಬೇಸ್‌ನ, ಅಂದರೆ ಓಡುವವರು ಮುಟ್ಟಬೇಕಾದ ದಿಂಬಿನ, ಮೇಲೇ ಪುಟಿದು, ಆಮೇಲೆ ಸುಣ್ಣದ ಗೆರೆ ದಾಟಿ ನಮ್ಮ ಚಪ್ಪಲಿಗಳ ತನಕ ಉರುಳಿತು. ಅಂಪೈರ್ ತುಟಿ ಬಿಚ್ಚದೆ ಒಳಗಡೆಗೆ ಕೈ ತೋರಿಸಿದರು. ಫೇರ್! ಅಂದರೆ ಚೆಂಡು ಒಳಗಿನದು; ಹೊರಗಿನದಾದರೆ ಫೌಲ್.

"ಬಾಲು ಇಲ್ಲೇ ಬಿದ್ದೈತಲ್ರೀ! ಕಣ್ಣು ಕಾಣಸ್ತಾವಿಲ್ಲ?" ಎಂದು ಪಕ್ಕದ ಹಿರಿಯರು ಎದ್ದೇ ನಿಂತರು.

ನಮ್ಮ ಹುಡುಗ ಬ್ಯಾಟಿಂಗ್ ಸರದಿಗೆ ಕಾಯುತ್ತಾ ಹತ್ತಿರವೇ ಇದ್ದ. "ಮಾಮ, ನೆಲದ ಮೇಲಿನ ಚೆಂಡು ಒಂದನೇ ಬೇಸೋ ಮೂರನೇ ಬೇಸೋ ದಾಟುವಾಗ ಒಳಗಿದ್ರೆ ಸಾಕು. ಆಮೇಲೆ ಎಲ್ಲಿಗೆ ಹೋದ್ರೂ ಫೇರೇ" ಎಂದ. ಬೇಸ್ ಮುಟ್ಟುವ ಮೊದಲೇ ನಿಂತರೆ ಮಾತ್ರ ನಿಂತ ಜಾಗ ನೋಡುತ್ತಾರೆ. ಬೇಸ್‌ಗೆ ಮೊದಲೇ ಹೊರಗೆ ಪುಟಿದದ್ದು, ಯಾರೂ ಮುಟ್ಟದೆ, ಒಳಕ್ಕೆ ಹೊರಳಿ ನಿಂತರೂ ಫೇರ್. ಅದಕ್ಕೇ ಅಂಪೈರ್ ಒಮ್ಮೊಮ್ಮೆ ಬಾಯಿ ಬಿಡದೆ ಬಗ್ಗಿ ಚೆಂಡನ್ನೇ ನೋಡುತ್ತಾ ನಿಲ್ಲುವುದು. ಬೇಸ್‌ಗಳಾಚೆ ಹಾರಿ ಬೀಳುವ ಚೆಂಡಿಗೆ ಮೊದಲು ನೆಲ ಮುಟ್ಟಿದ ಜಾಗವೇ ಲೆಕ್ಕ. ಫೀಲ್ಡರ್ ಮುಟ್ಟಿದರೆ ಆ ಕ್ಷಣ ಚೆಂಡು ಎಲ್ಲಿತ್ತೋ ಅದು. ಅವನ ಕಾಲು ಎಲ್ಲಿದ್ದರೂ ಚಿಂತೆಯಿಲ್ಲ.

ನಮ್ಮವರ ತಲೆ ಕೆಡಿಸಿದ್ದು ಗೆರೆ. ಕ್ರಿಕೆಟ್‌ನಲ್ಲಿ ಬ್ಯಾಟು ಕ್ರೀಸ್ ಗೆರೆಯ ಮೇಲಷ್ಟೇ ಇದ್ದರೆ ರನೌಟ್. ಇಲ್ಲಿ ಸುಣ್ಣದ ಗೆರೆಯೂ ಒಳಗಿನದೇ, ಅದರ ತುದಿಯ ಫೌಲ್ ಕಂಬವೂ ಒಳಗಿನದೇ. ಹಾರಿದ ಚೆಂಡು ಕಂಬಕ್ಕೆ ಬಡಿದರೆ ಹೋಮ್ ರನ್, ನಮ್ಮ ಸಿಕ್ಸರ್ ಇದ್ದ ಹಾಗೆ. ವಾಲಿಬಾಲ್ ಆಡಿದ ಒಬ್ಬರು, "ನಮ್ಮಲ್ಲೂ ಗೆರೆ ಮುಟ್ಟಿದ್ರ ಒಳಗs ಅಲ್ಲೇನ್ರೀ" ಎಂದಾಗ ಅರ್ಧ ಗಲಾಟೆ ತಣ್ಣಗಾಯಿತು.

ಇನ್ನರ್ಧ ತಣಿಯುವಷ್ಟರಲ್ಲಿ ಬ್ಯಾಟರ್ ಒಬ್ಬ ಎರಡು ಸ್ಟ್ರೈಕ್ (ಮೂರಾದರೆ ಔಟ್) ಆದ ಮೇಲೂ ಒಂದಾದ ಮೇಲೊಂದು ಫೌಲ್ ಹೊಡೆಯತೊಡಗಿದ. ಬಂಟ್ ಮಾಡಿ, ಅಂದರೆ ಬೀಸದೆ ಬ್ಯಾಟಿಗೆ ಚೆಂಡು ತಾಗಿಸಿ, ಫೌಲಾದರೆ ಮಾತ್ರ ಔಟ್, ಬೀಸಿ ಹೊಡೆದ ಫೌಲಿಗೆ ಮೂರನೇ ಸ್ಟ್ರೈಕ್ ಇಲ್ಲ. ಹಿರಿಯರು ಅದನ್ನೂ ನುಂಗಿಕೊಂಡರು. ಆಮೇಲಿನ ಚೆಂಡು ನೆಟ್ಟಗೆ ಮೇಲೇರಿ ನಮ್ಮ ಮರದ ಕಡೆ ಬಂತು. ಫೀಲ್ಡರ್ ಓಡಿ ಬಂದು ಗೆರೆಯಾಚೆಯೇ ಹಿಡಿದ. ಔಟ್!

"ಓಡಾಕ ಹೊರಗ ಅಂತಾರ, ಹಿಡಿದ್ರ ಔಟ್ ಅಂತಾರ! ಯಾವ ನ್ಯಾಯನೋ ತಮ್ಮ ಇದು?"

ಹುಡುಗ ನಗುತ್ತಾ ಹೆಲ್ಮೆಟ್ ಏರಿಸಿಕೊಂಡ. ಅವನ ಸರದಿ ಬಂದಿತ್ತು.