ಕೋರ್ಟಿಗೆ ಹೋಗಲ್ಲ ಅಂದ್ರೆ ದಿನವಿಡೀ ಏನು ಮಾಡ್ತೀರಿ?

ಬೌದ್ಧಿಕ ಆಸ್ತಿಯ ಕೆಲಸ ಮಾಡುವ ಲಾ ಫರ್ಮ್ ಒಂದರಲ್ಲಿ ಅಸೋಸಿಯೇಟ್ ಆಗಿದ್ದೇನೆ ಎಂದರೆ ಸಾಕು, ಮುಂದಿನ ಪ್ರಶ್ನೆ ಸಿದ್ಧವಾಗಿರುತ್ತದೆ. "ಕೋರ್ಟಿಗೆ ಹೋಗೋದು ಅಪರೂಪ ಅಂತೀರಿ. ಹಾಗಾದ್ರೆ ದಿನವಿಡೀ ಏನು ಮಾಡ್ತೀರಿ? ಪೇಟೆಂಟ್ ಫಾರ್ಮ್ ತುಂಬಿಸೋದಾ?" ಕಾನೂನು ಓದುವವರು ಕೇಳುತ್ತಾರೆ. ಇಂಜಿನಿಯರಿಂಗ್ ಮುಗಿಸಿ ಈ ಕಡೆ ಬರಬೇಕು ಅಂದುಕೊಂಡವರೂ ಕೇಳುತ್ತಾರೆ. ಫಾರ್ಮ್ ತುಂಬುವ ಕೆಲಸವೂ ಇದೆ, ಆದರೆ ಅದು ಸಣ್ಣದು. ನನ್ನ ದಿನದ ದೊಡ್ಡ ಪಾಲು ಹೋಗುವುದು ಒಂದೇ ವಿಷಯಕ್ಕೆ: ಈ ಮನುಷ್ಯ ನಿಜವಾಗಿ ಕಂಡುಹಿಡಿದದ್ದು ಏನು ಎಂದು ತಿಳಿದುಕೊಳ್ಳುವುದಕ್ಕೆ.

ಇದು ಕೇಳಿದಷ್ಟು ಸುಲಭವಲ್ಲ. ಕಂಡುಹಿಡಿದವರಿಗೇ ಎಷ್ಟೋ ಸಲ ಅದು ಸ್ಪಷ್ಟವಾಗಿ ಗೊತ್ತಿರುವುದಿಲ್ಲ. ಒಬ್ಬರು ನೀರಿನ ಬಾಟಲಿಗೆ ಫಿಲ್ಟರ್ ಇರುವ ಮುಚ್ಚಳ ಮಾಡಿದ್ದಾರೆ ಎಂದುಕೊಳ್ಳಿ. ಅವರು ಫಿಲ್ಟರ್ ಬಗ್ಗೆಯೇ ಮಾತಾಡುತ್ತಾರೆ. ನಾನು ಕೇಳುತ್ತಾ ಹೋಗುತ್ತೇನೆ. ಈ ರಬ್ಬರ್ ರಿಂಗ್ ಯಾಕೆ ಇಲ್ಲಿದೆ? ಇದನ್ನು ತೆಗೆದರೆ ಏನಾಗುತ್ತದೆ? ಇದರ ಬದಲು ಬೇರೆ ಏನು ಹಾಕಬಹುದು? ಅರ್ಧ ಗಂಟೆ ಕಳೆದ ಮೇಲೆ, ಫಿಲ್ಟರ್ ಹಳೆಯದೇ, ಅದು ಕದಲದಂತೆ ಮುಚ್ಚಳ ಹಿಡಿದಿಡುವ ರೀತಿ ಹೊಸದು ಎಂದು ಗೊತ್ತಾಗುತ್ತದೆ. ಆ ಗಳಿಗೆಯಲ್ಲಿ ಇಬ್ಬರ ಧ್ವನಿಯೂ ಬದಲಾಗುತ್ತದೆ. ಈ ಕೆಲಸದಲ್ಲಿ ನನಗೆ ಅತಿ ಇಷ್ಟವಾದ ಗಳಿಗೆ ಅದೇ.

ಆಮೇಲೆ ಬರವಣಿಗೆ. ಪೇಟೆಂಟಿನ ಜೀವ ಇರುವುದು ಕೊನೆಯಲ್ಲಿ ಬರುವ ಕ್ಲೇಮ್‌ಗಳಲ್ಲಿ. ಒಂದೊಂದು ಕ್ಲೇಮ್ ಎಷ್ಟೇ ಉದ್ದವಿದ್ದರೂ ಒಂದೇ ವಾಕ್ಯದಲ್ಲಿರಬೇಕು. ಅದು ಜಮೀನಿಗೆ ಹಾಕುವ ಬೇಲಿ ಇದ್ದಂತೆ: ಒಳಗಿರುವುದು ನಿಮ್ಮದು, ಹೊರಗಿರುವುದು ಎಲ್ಲರದು. "ರಬ್ಬರ್ ರಿಂಗ್" ಎಂದು ಬರೆದರೆ, ಎದುರಾಳಿ ಕಾರ್ಕ್ ಹಾಕಿ ಮಾರಾಟ ಶುರುಮಾಡಬಹುದು. ಸುಮ್ನೆ "ಮುಚ್ಚಳ" ಎಂದು ಬರೆದರೆ, ಹಳೆಯ ಬಾಟಲಿಗಳೆಲ್ಲ ಅದರೊಳಗೆ ಬಂದು ಅರ್ಜಿಯೇ ಬಿದ್ದುಹೋಗುತ್ತದೆ. ಸೇರಿಸಿದ ಪ್ರತಿಯೊಂದು ಪದವೂ ರಕ್ಷಣೆಯನ್ನು ಅಷ್ಟಷ್ಟು ಕಿರಿದು ಮಾಡುತ್ತದೆ. ಯಾಕೆಂದರೆ ನಕಲು ಮಾಡಿದ್ದಾರೆ ಎಂದು ತೋರಿಸಬೇಕಾದರೆ, ಕ್ಲೇಮಿನಲ್ಲಿ ಹೇಳಿದ ಎಲ್ಲ ಅಂಶಗಳೂ ಅವರ ವಸ್ತುವಿನಲ್ಲಿ ಇರಬೇಕು.

ಇದರ ಬೆಲೆ ಏನು ಎಂದು ಕೇಳುವವರಿಗೆ ನಾನು ಜಾರ್ಜ್ ಸೆಲ್ಡನ್ ಕಥೆ ಹೇಳುತ್ತೇನೆ. ಅವರು ಅಮೆರಿಕದವರು, ಸ್ವತಃ ಪೇಟೆಂಟ್ ವಕೀಲರು. ಮೋಟಾರು ಗಾಡಿಗೆ 1879ರಲ್ಲಿ ಅರ್ಜಿ ಹಾಕಿದರು. ತಿದ್ದುಪಡಿ ಮಾಡುತ್ತಾ ಎಳೆದೂ ಎಳೆದೂ 1895ರಲ್ಲಿ ಪೇಟೆಂಟ್ ಪಡೆದರು. ಆಗ ಅವಧಿ ಲೆಕ್ಕವಾಗುತ್ತಿದ್ದದ್ದು ಪೇಟೆಂಟ್ ಕೊಟ್ಟ ದಿನದಿಂದ. ಇವತ್ತು ಅರ್ಜಿ ಹಾಕಿದ ದಿನದಿಂದ 20 ವರ್ಷ, ಹಾಗಾಗಿ ಎಳೆದರೆ ನಷ್ಟವೇ. ಆ ಪೇಟೆಂಟಿನ ಬಲದಿಂದ ಅಲ್ಲಿನ ಹಲವು ಕಾರು ಕಂಪನಿಗಳು ರಾಯಲ್ಟಿ ಕಟ್ಟಿದವು. ಹೆನ್ರಿ ಫೋರ್ಡ್ ಕಟ್ಟಲಿಲ್ಲ. 1909ರಲ್ಲಿ ಸೆಲ್ಡನ್ ಪರವಾಗಿ ತೀರ್ಪು ಬಂತು. ಆದರೆ 1911ರಲ್ಲಿ ಮೇಲ್ಮನವಿ ಕೋರ್ಟು, ಪೇಟೆಂಟ್ ಸರಿಯಿದೆ, ಆದರೆ ಅದು ಬ್ರೇಟನ್ ಎಂಬ ಮಾದರಿಯ ಎಂಜಿನ್ ಇರುವ ಗಾಡಿಗೆ ಮಾತ್ರ ಎಂದಿತು. ಫೋರ್ಡ್ ಗಾಡಿಯಲ್ಲಿದ್ದದ್ದು ಒಟ್ಟೊ (Otto) ಎಂಬ ಬೇರೆ ಮಾದರಿಯ ಎಂಜಿನ್. ಅಲ್ಲಿಗೆ ಮುಗಿಯಿತು. ಹೊಸಬರು ಡ್ರಾಫ್ಟ್ ಬರೆಯುವ ಮೊದಲು ಈ ಒಂದು ಕೇಸ್ ಓದಲಿ ಎಂಬುದು ನನ್ನ ಆಸೆ.

ಅರ್ಜಿ ಹೋದ ಮೇಲೆ ಅದನ್ನು ಪರಿಶೀಲಿಸುವ ಪೇಟೆಂಟ್ ಕಚೇರಿಯ ಎಕ್ಸಾಮಿನರ್ ಕಡೆಯಿಂದ ಆಕ್ಷೇಪಣೆ ಬರುತ್ತದೆ. ಮೊದಲ ಪತ್ರದಲ್ಲಿ "ಇದು ಹೊಸದಲ್ಲ" ಎಂದಿದ್ದರೆ ಕ್ಲೈಂಟ್ ಗಾಬರಿಯಾಗುತ್ತಾರೆ. ನಮಗೆ ಅದು ಮಾಮೂಲು. ಎಕ್ಸಾಮಿನರ್ ತೋರಿಸಿದ ಹಳೆಯ ದಾಖಲೆಗಳನ್ನು ಸಾಲು ಸಾಲಾಗಿ ಓದಿ, ನಮ್ಮದು ಎಲ್ಲಿ ಬೇರೆ ಎಂದು ಉತ್ತರ ಬರೆಯಬೇಕು. ಇಲ್ಲಿ ತುಂಬಾ ಎಚ್ಚರ ಬೇಕು. ಇವತ್ತು ಎಕ್ಸಾಮಿನರನ್ನು ಒಪ್ಪಿಸಲು ಬರೆದ ಮಾತು ದಾಖಲೆಯಲ್ಲಿ ಉಳಿಯುತ್ತದೆ. ಹತ್ತು ವರ್ಷದ ನಂತರ ಎದುರಾಳಿಯ ವಕೀಲರು ಅದನ್ನೇ ಕೋರ್ಟಿನಲ್ಲಿ ಓದಿ ಹೇಳಬಹುದು.

ಇನ್ನು ತಾರೀಖುಗಳು. 1883ರ ಪ್ಯಾರಿಸ್ ಒಪ್ಪಂದದ ಪ್ರಕಾರ, ಒಂದು ದೇಶದಲ್ಲಿ ಮೊದಲ ಅರ್ಜಿ ಹಾಕಿದರೆ ಅದೇ ತಾರೀಖಿನ ಲಾಭ ಇಟ್ಟುಕೊಂಡು ಬೇರೆ ಸದಸ್ಯ ದೇಶಗಳಿಗೆ ಹೋಗಲು ಪೇಟೆಂಟಿಗೆ 12 ತಿಂಗಳು, ಟ್ರೇಡ್‌ಮಾರ್ಕಿಗೆ 6 ತಿಂಗಳು. ಆ 12 ತಿಂಗಳೊಳಗೆ ಪಿಸಿಟಿ (ಪೇಟೆಂಟ್ ಸಹಕಾರ ಒಪ್ಪಂದ) ಪ್ರಕಾರ ಅಂತರರಾಷ್ಟ್ರೀಯ ಅರ್ಜಿ ಹಾಕಿದರೆ, ದೇಶ ದೇಶಗಳಿಗೆ ಹೋಗಲು ಮೊದಲ ತಾರೀಖಿನಿಂದ ಸಾಮಾನ್ಯವಾಗಿ 30 ತಿಂಗಳು ಸಿಗುತ್ತದೆ. ತಪ್ಪಿದ ಎಲ್ಲ ಗಡುವಿಗೂ ಪರಿಹಾರ ಇರುವುದಿಲ್ಲ. ಹಾಗಾಗಿ ಫರ್ಮುಗಳಲ್ಲಿ ಗಡುವು ನೋಡಿಕೊಳ್ಳಲೆಂದೇ ಡಾಕೆಟಿಂಗ್ ತಂಡ ಇರುತ್ತದೆ. ಅವರ ಕೆಲಸಕ್ಕೆ ಸಿಗಬೇಕಾದ ಗೌರವ ಸಿಗುತ್ತಿಲ್ಲ ಎಂದು ನನಗೆ ಗಟ್ಟಿಯಾಗಿ ಅನ್ನಿಸುತ್ತದೆ.

ಕೆಲವೊಮ್ಮೆ ಕ್ಲೈಂಟಿಗೆ ಕಹಿ ಸುದ್ದಿ ಹೇಳಬೇಕಾಗುತ್ತದೆ. ಸಂತೋಷಕ್ಕೆ ತಮ್ಮ ಆವಿಷ್ಕಾರದ ವಿಡಿಯೊವನ್ನು ಅರ್ಜಿಗೆ ಮೊದಲೇ ಎಲ್ಲರಿಗೂ ಕಾಣುವಂತೆ ಹಾಕಿಬಿಟ್ಟಿರುತ್ತಾರೆ. ಅಮೆರಿಕದಲ್ಲಿ ಅದಕ್ಕೆ ಒಂದು ವರ್ಷದ ವಿನಾಯಿತಿ ಇದೆ. ಯುರೋಪಿನಲ್ಲಿ, ಆವಿಷ್ಕಾರ ಇನ್ನು ಹೊಸದಲ್ಲ ಎಂದಾಗಿ, ಅಂಥ ವಿಡಿಯೊ ಅವರ ಅರ್ಜಿಗೇ ಮುಳುವಾಗುತ್ತದೆ. ಮೊದಲೇ ಒಂದು ಫೋನ್ ಮಾಡಿದ್ದರೆ ಸಾಕಿತ್ತು. ಇಂಥ ದಿನ ಮನಸ್ಸು ಭಾರವಾಗುತ್ತದೆ.

ಟ್ರೇಡ್‌ಮಾರ್ಕ್ ವಿಭಾಗದ ಕೆಲಸ ಇನ್ನೊಂದು ರೀತಿಯದು, ವೇಗವೂ ಜಾಸ್ತಿ. ಸರಕು ಸೇವೆಗಳ 45 ವರ್ಗಗಳಲ್ಲಿ ಯಾವುದಕ್ಕೆ ಅರ್ಜಿ ಹಾಕಬೇಕು, ಹೆಸರು ಕೇಳಲು ಇನ್ನೊಂದರ ಹಾಗಿದೆಯಾ ಎಂದು ನೋಡುತ್ತಾರೆ. ಅದಕ್ಕೆ ವಿಜ್ಞಾನದ ಡಿಗ್ರಿ ಬೇಕಿಲ್ಲ. ಪೇಟೆಂಟ್ ಕಡೆಗೆ ಅನೇಕ ದೇಶಗಳಲ್ಲಿ ಬೇಕೇ ಬೇಕು.

ಕಷ್ಟ ಏನು ಅಂದ್ರೆ ಟೈಮ್‌ಶೀಟ್. ಅನೇಕ ಫರ್ಮುಗಳಲ್ಲಿ ದಿನವನ್ನು ಆರಾರು ನಿಮಿಷಗಳ ಲೆಕ್ಕದಲ್ಲಿ ಬರೆದಿಡಬೇಕು. ಡ್ರಾಫ್ಟಿಗೆ ಮೊದಲೇ ಶುಲ್ಕ ಗೊತ್ತುಮಾಡಿದ್ದರೆ, ಜಾಸ್ತಿ ಹೊತ್ತು ಯೋಚಿಸಿದ್ದು ಫರ್ಮಿಗೆ ನಷ್ಟದಂತೆ ಕಾಣುತ್ತದೆ. ಆದರೆ ಒಳ್ಳೆಯ ಕ್ಲೇಮ್ ಹುಟ್ಟುವುದು ಆ ಜಾಸ್ತಿ ಹೊತ್ತಿನಲ್ಲೇ ಅಲ್ವಾ? ಈ ಎಳೆದಾಟ ನನ್ನ ಮಟ್ಟಿಗೆ ಇನ್ನೂ ಬಗೆಹರಿದಿಲ್ಲ.

ಈ ಕೆಲಸಕ್ಕೆ ಬರಬೇಕು ಅನ್ನುವವರು ಸಂದರ್ಶನದಲ್ಲಿ ಸಂಬಳದ ಜೊತೆಗೆ ಎರಡು ವಿಷಯ ಕೇಳಿ. ನನ್ನ ಡ್ರಾಫ್ಟನ್ನು ಯಾರು ತಿದ್ದುತ್ತಾರೆ, ತಿದ್ದಿದ್ದು ಯಾಕೆ ಎಂದು ಕೂತು ಹೇಳುತ್ತಾರಾ? ಕಂಡುಹಿಡಿದವರ ಜೊತೆ ನಾನೇ ಮಾತಾಡಬಹುದಾ, ಅಥವಾ ಆ ಮಾತುಕತೆ ಪಾರ್ಟ್ನರ್ ಮಾತ್ರ ಮಾಡುತ್ತಾರಾ? ಎರಡನೆಯದಕ್ಕೆ ಸರಿಯಾದ ಉತ್ತರ ಸಿಗದಿದ್ದರೆ ನಾನಾಗಿದ್ದರೆ ಇನ್ನೊಂದು ಫರ್ಮ್ ಹುಡುಕುತ್ತೇನೆ. ಬೇರೆಯವರು ಬರೆದುಕೊಂಡ ಟಿಪ್ಪಣಿ ನೋಡಿ ಕ್ಲೇಮ್ ಬರೆಯುತ್ತಾ ಕೂತರೆ, ಯಾವ ಪ್ರಶ್ನೆ ಕೇಳಬೇಕಿತ್ತು ಎಂಬುದು ಗೊತ್ತಾಗುವುದೇ ಇಲ್ಲ.